‘ಕೊರಿಲೇಟೆಡ್ ಎಲೆಕ್ಟ್ರಾನು’ಗಳಿಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಬಿ.ಎಸ್‌ಸಿ. ಹುಡುಗರಿಗೆಂದು ಕಬ್ಬಿಣ, ಆಂಟಿಮನಿ ಸೇರಿದ ಐರನ್ ಆಂಟಿಮೊನೈಡ್ ಎಂಬ ಹರಳಿನ ಬಗ್ಗೆ ಬರೆಯುತ್ತಿದ್ದೇನೆ. ಪದಗಳ ಹತ್ತಿರ ಬಂಡಿ ನಿಂತಿದೆ.

ಪಠ್ಯಗಳಲ್ಲಿ ಥರ್ಮೋಎಲೆಕ್ಟ್ರಿಕ್‌ಗೆ ‘ಉಷ್ಣವಿದ್ಯುತ್’ ಎಂದಿದೆ. ಹಾಗೆಂದ ಕೂಡಲೇ ಕಣ್ಣಿಗೆ ಬರುವುದು ರಾಯಚೂರಿನ ಸ್ಥಾವರ. ಕಲ್ಲಿದ್ದಲು, ಹಬೆ, ಟರ್ಬೈನು. ಇಲ್ಲಿ ಅದ್ಯಾವುದೂ ಇಲ್ಲ. ತುಂಡಿನ ಒಂದು ತುದಿ ಬಿಸಿ, ಇನ್ನೊಂದು ತಣ್ಣಗಿದ್ದರೆ ಸಾಕು, ನಡುವೆ ವೋಲ್ಟೇಜ್ ಹುಟ್ಟುತ್ತದೆ. 1821ರಲ್ಲಿ ಇದನ್ನು ಕಂಡ ಜರ್ಮನ್ ವಿಜ್ಞಾನಿ ಸೀಬೆಕ್ ಕೂಡ ದಿಕ್ಸೂಚಿಯ ಮುಳ್ಳು ತಿರುಗಿದ್ದು ನೋಡಿ ಶಾಖದಿಂದ ಕಾಂತತೆ ಬಂತು ಅಂದುಕೊಂಡಿದ್ದ. ಸುಮ್ನೆ ‘ಸೀಬೆಕ್ ಪರಿಣಾಮ’ ಎಂದು ಬರೆದರೆ ಗೊಂದಲ ತಪ್ಪುತ್ತದೆ, ಅಲ್ವಾ?

ನಿಜವಾದ ತಲೆನೋವು ‘ಸ್ಟ್ರಾಂಗ್ಲಿ ಕೊರಿಲೇಟೆಡ್’. ‘ಸಹಸಂಬಂಧ’ ಎಂದರೆ ಎತ್ತರ, ತೂಕದ ಗ್ರಾಫು ನೆನಪಾಗುತ್ತದೆ. ಇಲ್ಲಿನ ಮಾತೇ ಬೇರೆ. ಸಿಲಿಕಾನಿನಲ್ಲಿ ಎಲೆಕ್ಟ್ರಾನುಗಳನ್ನು ಬಿಡಿಬಿಡಿಯಾಗಿ ಲೆಕ್ಕ ಹಾಕಿದರೂ ಉತ್ತರ ಹೆಚ್ಚುಕಮ್ಮಿ ಸರಿ ಬರುತ್ತದೆ. ಐರನ್ ಆಂಟಿಮೊನೈಡ್, ಐರನ್ ಸಿಲಿಸೈಡ್‌ಗಳಲ್ಲಿ ಆ ಲೆಕ್ಕ ಕೈಕೊಡುತ್ತದೆ. ಕಬ್ಬಿಣದ ಪರಮಾಣುವಿನ ‘ಡಿ’ ಕಕ್ಷಕದ ಎಲೆಕ್ಟ್ರಾನುಗಳು ಒಂದನ್ನೊಂದು ಜೋರಾಗಿ ದೂಡುತ್ತವೆ. ಒಂದರ ಚಲನೆಗೆ ಉಳಿದವೆಲ್ಲ ಅಡ್ಡಿ. ಹಾಗಾಗಿ ಅವು ತಮ್ಮ ತೂಕಕ್ಕಿಂತ ಭಾರವಾದಂತೆ ನಡೆದುಕೊಳ್ಳುತ್ತವೆ. ‘ಹೆಣೆದುಕೊಂಡ’ ಎನ್ನಬಹುದಿತ್ತು, ಆದರೆ ಅದು, ದೂರವಿದ್ದರೂ ಕಣಗಳ ಸ್ಥಿತಿ ಒಂದಕ್ಕೊಂದು ಬೆಸೆದಿರುವ ಎಂಟ್ಯಾಂಗಲ್‌ಮೆಂಟಿಗೆ ಬೇಕು. ‘ನಂಟು’ ಎಂದರೆ ತೀರಾ ಸ್ನೇಹದ ಮಾತಾಯಿತು. ನನ್ನ ಒಲವು ‘ತಾಕಲಾಟದ ಎಲೆಕ್ಟ್ರಾನು’ ಕಡೆಗೆ.

ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣವಿದೆ. 2007ರಲ್ಲಿ ಪ್ರಕಟವಾದ ಅಳತೆಯಲ್ಲಿ ಐರನ್ ಆಂಟಿಮೊನೈಡ್ ಮೈನಸ್ 263 ಡಿಗ್ರಿ ಸೆಲ್ಸಿಯಸ್ಸಿನ ಚಳಿಯಲ್ಲಿ, ಅಂದರೆ ಸುಮಾರು 10 ಕೆಲ್ವಿನ್‌ನಲ್ಲಿ, ಪ್ರತಿ ಕೆಲ್ವಿನ್ ವ್ಯತ್ಯಾಸಕ್ಕೆ 45 ಮಿಲಿವೋಲ್ಟ್‌ನಷ್ಟು ಕೊಟ್ಟಿತು. ಕುಲುಮೆಯ ಬಿಸಿ ಅಳೆಯಲು ಹಾಕುವ ಕ್ರೋಮೆಲ್–ಅಲ್ಯುಮೆಲ್ ಥರ್ಮೋಕಪಲ್ ಕೊಡುವುದು ಸುಮಾರು 41 ಮೈಕ್ರೋವೋಲ್ಟ್. ಸಾವಿರ ಪಟ್ಟು ಜಾಸ್ತಿ! ಇದರ ಪಟ್ಟಿ ಅಂತರವೂ (ಬ್ಯಾಂಡ್ ಗ್ಯಾಪ್, ಎಲೆಕ್ಟ್ರಾನು ಬಿಡಿಸಿಕೊಂಡು ಹರಿಯಲು ಬೇಕಾದ ಶಕ್ತಿ) ಕಿರಿದು, ಸುಮಾರು 0.03 ಎಲೆಕ್ಟ್ರಾನ್ ವೋಲ್ಟ್. ಸಿಲಿಕಾನಿನದು 1.1. ಮೊದಲು ಈ ದೊಡ್ಡ ವೋಲ್ಟೇಜಿನ ಶ್ರೇಯವೆಲ್ಲ ತಾಕಲಾಟಕ್ಕೇ ಹೋಯಿತು. ಆಮೇಲೆ ಫೋನಾನುಗಳ, ಅಂದರೆ ಹರಳಿನ ಕಂಪನಗಳ, ಪಾಲೂ ದೊಡ್ಡದು ಎಂದು ಗೊತ್ತಾಯಿತು. ಬಿಸಿ ತುದಿಯಿಂದ ತಣ್ಣನೆ ತುದಿಗೆ ಹರಿಯುವ ಈ ಕಂಪನಗಳು ಈ ಭಾರದ ಎಲೆಕ್ಟ್ರಾನುಗಳನ್ನು ಜೊತೆಗೆ ಎಳೆದೊಯ್ಯುತ್ತವೆ. ಇಂಗ್ಲಿಷಿನ ‘ಫೋನಾನ್ ಡ್ರ್ಯಾಗ್’ಗೆ ‘ಫೋನಾನ್ ಸೆಳವು’ ಎಂದಿಟ್ಟಿದ್ದೇನೆ. ಹೊಳೆಯ ಸೆಳವು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ‘ಎಳೆತ’ ಎಂದರೆ ಈ ಹರಿವಿನ ಅರ್ಥ ಬರುವುದಿಲ್ಲ.

ಅಂದಹಾಗೆ, ಇದನ್ನೇ ತಿರುವುಮುರುವಾಗಿಸಿ, ವಿದ್ಯುತ್ ಹಾಯಿಸಿ ಒಂದು ತುದಿ ತಣಿಸುವ ಫ್ರಿಜ್ಜು ಮಾಡಬಹುದೇ ಎಂದು ಹುಡುಗರು ಕೇಳಿಯೇ ಕೇಳುತ್ತಾರೆ. ಸದ್ಯಕ್ಕೆ ಕಷ್ಟ. ಶಾಖವೂ ಇದರಲ್ಲಿ ಸಲೀಸಾಗಿ ಹರಿದುಬಿಡುತ್ತದೆ, ಎರಡು ತುದಿಗಳ ವ್ಯತ್ಯಾಸ ಉಳಿಯುವುದೇ ಇಲ್ಲ.

ಈಗ ‘ತಾಕಲಾಟ’ದ ಬಗ್ಗೆ ಹೇಳಿ. ಅದನ್ನು ಕೇಳಿದರೆ ನಿಮಗೆ ಬರೀ ಮನಸ್ಸಿನ ತೊಳಲಾಟವೇ ನೆನಪಾಗುತ್ತದೆಯೇ? ಕನ್ನಡದಲ್ಲಿ ಭೌತಶಾಸ್ತ್ರ ಪಾಠ ಮಾಡುವವರು ತರಗತಿಯಲ್ಲಿ ಬಾಯಿಮಾತಿಗೆ ಏನನ್ನುತ್ತೀರಿ?