ಕೈಬಣ್ಣದ ಹಳೆಯ ಕೀಟಚಿತ್ರಗಳು: ಬಣ್ಣ ಆ ಕಾಲದ್ದೋ, ಆಮೇಲಿನದೋ?

ಪ್ರಶ್ನೆ: ನಮಸ್ಕಾರ. ಎಡ್ವರ್ಡ್ ಡೊನೊವನ್ ಅವರ ಬ್ರಿಟಿಷ್ ಕೀಟಗಳ ಸಂಪುಟಗಳಿಂದ (1792–1813) ಬಿಡಿಯಾದ ಎರಡು ಹಾಳೆಗಳು ಮಾರಾಟಕ್ಕೆ ಬಂದಿವೆ. ಒಂದರಲ್ಲಿ ಹಸಿರು ಜೀರುಂಡೆ, ಇನ್ನೊಂದರಲ್ಲಿ ಬಿಳಿ ಚಿಟ್ಟೆ. ಬಣ್ಣ ಆ ಕಾಲದ್ದೇ ಎನ್ನುತ್ತಾರೆ ಮಾರುವವರು. ಚಿಟ್ಟೆಯ ರೆಕ್ಕೆ ಅಲ್ಲಲ್ಲಿ ಕಪ್ಪಾಗಿದೆ, ಅಚ್ಚೊತ್ತುವಾಗ ತಾಮ್ರಫಲಕದ ಅಂಚು ಕಾಗದದಲ್ಲಿ ಮೂಡಿಸುವ ಒತ್ತುಗುರುತೂ ಕಾಣುತ್ತಿಲ್ಲ. ಕೊಳ್ಳುವ ಮೊದಲು ಏನೇನು ನೋಡಬೇಕು?

ಉತ್ತರ (ಕಾಗದ ಸಂರಕ್ಷಣೆಯ ಕೆಲಸದವರು): ಮೊದಲು ಅಚ್ಚನ್ನು ನೋಡಿ, ಬಣ್ಣ ಆಮೇಲೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಮತ್ತು ಒಂದು ಸಣ್ಣ ಟಾರ್ಚ್ ಸಾಕು. ಟಾರ್ಚನ್ನು ಹಾಳೆಯ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ತಾಮ್ರಫಲಕದ ಅಚ್ಚಿನಲ್ಲಿ ಶಾಯಿ ಕಾಗದದ ಮೇಲೆ ಸಣ್ಣ ದಿಬ್ಬದಂತೆ ಎದ್ದು ನಿಂತಿರುತ್ತದೆ. ಸಾಲುಸಾಲಾಗಿ ಕೂತ ಚುಕ್ಕೆಗಳು ಕಂಡರೆ ಅದು ಯಂತ್ರದಲ್ಲಿ ಮುದ್ರಿಸಿದ ಪ್ರತಿ, ಅಲ್ಲಿಗೇ ಕೈಬಿಡಿ.

ಒತ್ತುಗುರುತು ಇಲ್ಲ ಎಂಬ ಒಂದೇ ಕಾರಣಕ್ಕೆ ಹಾಳೆಯನ್ನು ತಳ್ಳಿಹಾಕಬೇಡಿ. ಚಿಕ್ಕ ಅಳತೆಯ ಪುಸ್ತಕಗಳನ್ನು ಕಟ್ಟುವಾಗ ಅಂಚು ಕತ್ತರಿಸುತ್ತಿದ್ದರು, ಗುರುತೂ ಅದರ ಜೊತೆಗೇ ಹೋಗಿರುತ್ತದೆ.

ಚಿತ್ರದ ಅಡಿಯಲ್ಲಿ ಪ್ರಕಟಣೆಯ ದಿನಾಂಕ ಕೆತ್ತಿದ್ದರೆ ಅದು ಫಲಕದ ದಿನಾಂಕ, ಆ ಹಾಳೆ ಅಚ್ಚಾದ ದಿನಾಂಕವಲ್ಲ. ಫಲಕ ಉಳಿದಿರುವವರೆಗೂ ಅದರಿಂದ ಅಚ್ಚು ತೆಗೆಯಬಹುದು. ಹಾಳೆಯನ್ನು ಬೆಳಕಿಗೆ ಹಿಡಿದು ನೀರಚ್ಚು (ಕಾಗದ ತಯಾರಿಸುವಾಗಲೇ ಅದರೊಳಗೆ ಮೂಡಿಸಿದ ಗುರುತು) ಹುಡುಕಿ. ಇಂಗ್ಲೆಂಡಿನ ಕಾಗದದಲ್ಲಿ 1794ರಿಂದೀಚೆಗೆ ತಯಾರಕರ ಹೆಸರಿನ ಜೊತೆ ವರ್ಷವೂ ಸಿಗುವುದುಂಟು. ಫಲಕದಲ್ಲಿ 1795, ಕಾಗದದಲ್ಲಿ 1810 ಎಂದಿದ್ದರೆ ನೀವು ನೋಡುತ್ತಿರುವುದು ನಂತರದ ಅಚ್ಚು. ಬಿಡಿ ಹಾಳೆಗಳಲ್ಲಿ ನೀರಚ್ಚಿನ ಅರ್ಧ ಭಾಗವೋ ಒಂದೆರಡು ಅಕ್ಷರವೋ ಮಾತ್ರ ಇರಬಹುದು, ಹೊಲಿಗೆಯ ಕಡೆಯ ಅಂಚನ್ನೂ ಬಿಡದೆ ನೋಡಿ.

ಇನ್ನು ಬಣ್ಣ. ಆ ಕಾಲದ ಕಾಗದಕ್ಕೆ ಜೆಲಟಿನ್ ಲೇಪ ಕೊಡುತ್ತಿದ್ದರು. ಹಾಗಾಗಿ ಬಣ್ಣ ಮೇಲೆಯೇ ಕೂತು, ಅಂಚು ಕತ್ತರಿಸಿದಂತೆ ಚೊಕ್ಕಟವಾಗಿ ನಿಲ್ಲುತ್ತಿತ್ತು. ಇನ್ನೂರು ವರ್ಷದಲ್ಲಿ ಆ ಲೇಪ ಸವೆಯುತ್ತದೆ. ಸವೆದ ಕಾಗದಕ್ಕೆ ಈಗ ಬಣ್ಣ ಹಚ್ಚಿದರೆ ಅದು ಎಳೆಗಳ ಗುಂಟ ಹರಿಯುತ್ತದೆ. ಲೂಪಿನಲ್ಲಿ ಮೀಸೆಯ ಅಥವಾ ಕಾಲಿನ ಪಕ್ಕ ನೋಡಿ: ಬಣ್ಣಕ್ಕೆ ಸಣ್ಣ ಸಣ್ಣ ಬೇರು ಬಿಟ್ಟಂತೆ ಕಂಡರೆ ಅನುಮಾನಪಡಬೇಕು. ಕಾಗದದ ಬಿರುಕಿನೊಳಗೆ, ಮಡಿಕೆಯ ಮುರಿದ ಎಳೆಗಳೊಳಗೆ ಬಣ್ಣ ಇಳಿದಿದ್ದರೆ ಅದು ಆ ಹಾನಿ ಆದಮೇಲೆ ಹಚ್ಚಿದ್ದು. ಕಂದು ಕಲೆಯ ಮೇಲೆ ಬಣ್ಣ ಎಲ್ಲೂ ಮಾಸದೆ ಸಾಗಿದ್ದರೂ ಅದೇ ಅನುಮಾನ.

ಕತ್ತಲೆಯಲ್ಲಿ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಹಿಡಿಯುವುದು ಕೊನೆಯ ಪರೀಕ್ಷೆ. ಕಾಗದ ನೀಲಿಯಾಗಿ ಹೊಳೆದರೆ ಅದರಲ್ಲಿ ಬಿಳುಪುಕಾರಕ ರಾಸಾಯನಿಕವಿದೆ, ಹಾಳೆ ಬಹುಶಃ ಇಪ್ಪತ್ತನೇ ಶತಮಾನದ ನಡುವಿನದು ಅಥವಾ ಅದಕ್ಕೂ ಈಚಿನದು. ಬಿಳಿ ಬಣ್ಣ ಹಳದಿ-ಹಸಿರಾಗಿ ಹೊಳೆದರೆ ಅದು ಸತುವಿನ ಬಿಳಿ ಇರಬಹುದು. ಜಲವರ್ಣವಾಗಿ ಅದು ಮಾರುಕಟ್ಟೆಗೆ ಬಂದದ್ದು 1834ರಲ್ಲಿ.

ಪ್ರಶ್ನೆ (ಅದೇ ಸದಸ್ಯರು): ಬಹಳ ಉಪಕಾರವಾಯಿತು ಸರ್. ಹಾಗಾದರೆ ರೆಕ್ಕೆಯ ಕಪ್ಪು? ಅದನ್ನು ತೆಗೆಯಬಹುದೇ? ಜೀರುಂಡೆಯ ಹಾಳೆಯ ಬೆನ್ನಿನಲ್ಲಿ ಹುಳುವಿನ ಆಕಾರದಲ್ಲೇ ಕಂದು ಛಾಯೆ ಇದೆ.

ಉತ್ತರ: ರೆಕ್ಕೆಗೆ ಹಚ್ಚಿರುವುದು ಬಹುಶಃ ಸೀಸದ ಬಿಳಿ. ಗಾಳಿಯಲ್ಲಿರುವ ಗಂಧಕದ ಅನಿಲ ತಾಗಿ ಅದು ಕಪ್ಪು ಸೀಸದ ಸಲ್ಫೈಡ್ ಆಗುತ್ತದೆ. ಪುಸ್ತಕದ ಹಾಳೆಯಲ್ಲಿ ಕಪ್ಪು ಅಂಚಿನಿಂದ ಒಳಮುಖವಾಗಿ ಹಬ್ಬಿದ್ದರೆ ಗಾಳಿ ನುಸುಳಿದ ದಾರಿಯೇ ಕಾಣುತ್ತದೆ. ಬಣ್ಣ ಹಳೆಯದು ಎನ್ನುವುದಕ್ಕೆ ಇದು ಒಳ್ಳೆಯ ಸುಳಿವೇ, ಆದರೆ ಇದೊಂದನ್ನೇ ನಂಬಿ ತೀರ್ಮಾನಿಸಬೇಡಿ. ಸಂರಕ್ಷಕರು ಹೈಡ್ರೋಜನ್ ಪೆರಾಕ್ಸೈಡ್ ಬಳಸಿ ಆ ಕಪ್ಪನ್ನು ಬಿಳಿ ಸಲ್ಫೇಟ್ ಆಗಿ ಬದಲಿಸುತ್ತಾರೆ. ಔಷಧಿ ಅಂಗಡಿಯ ಬಾಟಲಿ ತಂದು ಮನೆಯಲ್ಲಿ ಮಾಡಲೇಬೇಡಿ. ಅದರಲ್ಲಿರುವ ನೀರು ಕಾಗದದಲ್ಲಿ ಹರಡಿ, ಒಣಗಿದ ಕಡೆ ಕಂದು ಗೆರೆ ಬಿಡುತ್ತದೆ. ಸುತ್ತಲಿನ ಕಾಗದವೂ ಬೆಳ್ಳಗಾಗುತ್ತದೆ.

ಜೀರುಂಡೆಯ ವಿಷಯ ಇನ್ನೂ ಗಂಭೀರ. ಹಾಳೆಯ ಬೆನ್ನಿನಲ್ಲಿ ಆಕಾರ ಮೂಡಿದೆ ಎಂದರೆ ಹಸಿರು ಬಹುಶಃ ತಾಮ್ರದ್ದು. ತಾಮ್ರದ ಅಯಾನುಗಳು ಕಾಗದದ ಎಳೆಗಳನ್ನು ಒಳಗೊಳಗೇ ತಿನ್ನುತ್ತವೆ. ಕಡೆಗೆ ಹುಳುವಿನ ಆಕಾರದ ತುಂಡೇ ಕಳಚಿ ಬೀಳಬಹುದು. ಹಾಳೆಯನ್ನು ಬಾಗಿಸಬೇಡಿ, ತೇವ ತಾಗಿಸಬೇಡಿ, ಎತ್ತುವಾಗ ಕೆಳಗೊಂದು ರಟ್ಟು ಇರಲಿ. ಬೆಳಕಿಗೆ ಹಿಡಿದಾಗ ಹಸಿರಿನ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೆ ದುರಸ್ತಿಯ ಖರ್ಚನ್ನೂ ಸೇರಿಸಿ ಬೆಲೆ ಮಾತಾಡಿ. ಹತ್ತೊಂಬತ್ತನೇ ಶತಮಾನದ ಹೊಳಪಿನ ಹಸಿರಾದರೆ ಅದರಲ್ಲಿ ಆರ್ಸೆನಿಕ್ ಇರುವ ಸಾಧ್ಯತೆ ಇದೆ. ನೈಟ್ರೈಲ್ ಕೈಗವಸು ಹಾಕಿ, ಬಣ್ಣವನ್ನು ಉಜ್ಜಬೇಡಿ, ಆಮೇಲೆ ಕೈ ತೊಳೆಯಿರಿ.

ಇನ್ನೊಬ್ಬ ಸದಸ್ಯರು (ಹಳೆಯ ಅಚ್ಚುಗಳ ವ್ಯಾಪಾರ): ಒಂದು ಮಾತು ಸೇರಿಸುತ್ತೇನೆ. ಒತ್ತುಗುರುತು ಇಲ್ಲದಿದ್ದರೂ ಬೆಲೆಬಾಳುವ ಅಚ್ಚುಗಳಿವೆ. ಮರಿಯಾ ಸಿಬಿಲ್ಲಾ ಮೇರಿಯನ್ ಅವರ ಸುರಿನಾಮ್ ಕೀಟಗಳ ಪುಸ್ತಕ (ಆಮ್‌ಸ್ಟರ್‌ಡ್ಯಾಮ್, 1705, 60 ಫಲಕ) ಬಣ್ಣವಿಲ್ಲದೆಯೂ ಬಣ್ಣ ಹಚ್ಚಿಯೂ ಮಾರಾಟವಾಯಿತು. ಆಗಷ್ಟೇ ಅಚ್ಚಾದ ಹಸಿ ಹಾಳೆಯ ಮೇಲೆ ಇನ್ನೊಂದು ಹಾಳೆ ಒತ್ತಿ ತೆಗೆದ ಮರುಅಚ್ಚುಗಳೂ ಇವೆ. ಅವುಗಳಲ್ಲಿ ಗೆರೆ ತೆಳು, ಚಿತ್ರ ಎಡಬಲ ಅದಲುಬದಲು, ಒತ್ತುಗುರುತು ಇರುವುದಿಲ್ಲ. ತಿಳಿಯದವರು ನಕಲಿ ಎಂದು ಬಿಟ್ಟುಬಿಡುತ್ತಾರೆ, ಅದೇ ಬೇಸರ. ಬಣ್ಣವಿಲ್ಲದೆ ಉಳಿದ ಹಾಳೆಗೆ ಈಗ ಬಣ್ಣ ಹಚ್ಚಿ ಮಾರುವುದು ಮಾತ್ರ ನನಗೆ ಸಹಿಸಲಾಗದ ಕೆಲಸ. ಹಚ್ಚಿದ್ದೇ ಆದರೆ ರಸೀದಿಯಲ್ಲಿ “ಬಣ್ಣ ನಂತರದ್ದು” ಎಂದು ಬರೆದುಕೊಡಬೇಕು. ನೀವೂ ಬರೆಸಿಕೊಳ್ಳಿ.

ಪ್ರಶ್ನೆ (ಮತ್ತೊಬ್ಬರು): ಕೊಂಡಮೇಲೆ ಫ್ರೇಮ್ ಹಾಕಿಸಬಹುದಾ ಸರ್?

ಉತ್ತರ: ಹಾಕಿಸಿ, ಆದರೆ ವರ್ಷಪೂರ್ತಿ ಗೋಡೆಯ ಮೇಲೆ ಬೇಡ. ಕಾರ್ಮೈನ್ ಕೆಂಪು ಬೆಳಕಿಗೆ ಮಾಸುತ್ತದೆ, ಮಾಸಿದ್ದು ಮರಳಿ ಬರುವುದಿಲ್ಲ. ಬೆಳಕು 50 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಮೀರದಿರಲಿ. ಮೂರು ತಿಂಗಳು ಹೊರಗಿಟ್ಟು, ಉಳಿದ ಕಾಲ ಪೆಟ್ಟಿಗೆಯಲ್ಲಿಡಿ. ತೇವಾಂಶ ಶೇ. 45ರಿಂದ 55.

ಡೊನೊವನ್ ಹಾಳೆಗಳಲ್ಲಿ ದಪ್ಪ ಬಣ್ಣದ ಮೇಲೆ ಹೊಳಪಿನ ಲೇಪವಿರುತ್ತದೆ. ಅಂಟಿನ ಅಂಥ ಲೇಪ ತೇವಕ್ಕೆ ಮೆತ್ತಗಾಗಿ ಗಾಜಿಗೆ ಹಿಡಿದುಕೊಂಡರೆ, ಬಿಡಿಸುವಾಗ ಜೀರುಂಡೆಯ ಬೆನ್ನು ಗಾಜಿನ ಜೊತೆ ಬರುತ್ತದೆ. ಅದಕ್ಕೇ ಕಿಟಕಿ ಕೊರೆದ ಮೌಂಟ್ ಬೋರ್ಡ್ ನಡುವೆ ಇರಲೇಬೇಕು. ಆಮ್ಲವಿಲ್ಲದ, ಹತ್ತಿಯ ಬೋರ್ಡ್ ಕೇಳಿ. ಚಿತ್ರದಲ್ಲಿ ಪ್ರಶ್ಯನ್ ನೀಲಿ ಇದ್ದರೆ ಕ್ಷಾರ ಬೆರೆಸದ ಬೋರ್ಡೇ ಬೇಕು, ಕ್ಷಾರಕ್ಕೆ ಆ ನೀಲಿ ಕೆಡುತ್ತದೆ. ಬಣ್ಣ ಪುಡಿಯಾಗಿ ಉದುರುವಂತಿದ್ದರೆ ಅಕ್ರಿಲಿಕ್ ಹಾಳೆ ಬೇಡ, ಅದರ ಸ್ಥಾಯಿ ವಿದ್ಯುತ್ತು ಪುಡಿಯನ್ನು ಎಳೆದುಕೊಳ್ಳುತ್ತದೆ. ಯುವಿ ತಡೆಯುವ ಗಾಜು ಹಾಕಿಸಿ.

ಹಾಳೆಯನ್ನು ಮೇಲಿನ ಅಂಚಿನಲ್ಲಿ ಎರಡೇ ಎರಡು ಜಪಾನೀ ಕಾಗದದ ಪಟ್ಟಿಗಳಿಂದ, ಗೋಧಿ ಪಿಷ್ಟದ ಅಂಟಿನಲ್ಲಿ ತೂಗುಹಾಕಬೇಕು. ನಾಲ್ಕೂ ಕಡೆ ಅಂಟಿಸಿದರೆ ಹವೆ ಬದಲಾದಾಗ ಕಾಗದಕ್ಕೆ ಹಿಗ್ಗಲು ಜಾಗವಿಲ್ಲದೆ ಸುಕ್ಕುಗಟ್ಟುತ್ತದೆ. ಸೆಲ್ಲೋಟೇಪ್ ಅಂತೂ ಹತ್ತಿರಕ್ಕೂ ತರಬೇಡಿ: ಅದರ ಅಂಟು ಕಾಗದದೊಳಗೆ ಇಳಿದು ಹಳದಿಯಾಗಿ ನಿಲ್ಲುತ್ತದೆ, ಪೂರ್ತಿ ತೆಗೆಯುವುದು ನಮ್ಮಿಂದಲೂ ಆಗುವುದಿಲ್ಲ.