ಹೀಟಿಂಗ್ ಕೇಬಲ್ ಹಾಕಿದರೂ ವಾಲ್ವ್ ಹತ್ತಿರ ನೀರು ಹೆಪ್ಪುಗಟ್ಟುತ್ತಿದೆ, ಆರ್‌ಸಿಸಿಬಿ ಕೂಡ ಟ್ರಿಪ್ ಆಗುತ್ತಿದೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮನೆ ಹೊರಗೆ ಸ್ಟ್ಯಾಂಡ್ ಮೇಲೆ ಪ್ಲಾಸ್ಟಿಕ್ ಟ್ಯಾಂಕ್ ಇದೆ. ಅಲ್ಲಿಂದ ಒಳಗೆ ಬರುವ ಒಂದಿಂಚಿನ ಜಿಐ ಪೈಪ್ ಸುಮಾರು 14 ಮೀಟರ್. ಅದರ ಉದ್ದಕ್ಕೂ ಸೆಲ್ಫ್ ರೆಗ್ಯುಲೇಟಿಂಗ್ (ಚಳಿಗೆ ತಕ್ಕಂತೆ ತಾನೇ ಶಾಖ ಹೆಚ್ಚುಕಡಿಮೆ ಮಾಡುವ) ಹೀಟಿಂಗ್ ಕೇಬಲ್ ಹಾಕಿದ್ದೇನೆ, ಮೀಟರಿಗೆ 15 ವ್ಯಾಟಿನದು, ಒಟ್ಟು 16 ಮೀಟರ್. ಕರೆಂಟ್ ಮನೆ ಕಡೆಯಿಂದ ಬರುತ್ತದೆ, ಕೇಬಲ್ಲಿನ ಕೊನೆ ಟ್ಯಾಂಕ್ ಹತ್ತಿರ ಇದೆ. ಉಳಿದ 2 ಮೀಟರ್ ಅಲ್ಲೇ ಸುರುಳಿ ಮಾಡಿ ಕಟ್ಟಿದ್ದೇನೆ. ಮೇಲೆ ಫೋಮ್ ಹೊದಿಕೆ. ಥರ್ಮೋಸ್ಟಾಟ್ 5 ಡಿಗ್ರಿಗೆ ಸೆಟ್ ಮಾಡಿದೆ.

ತೊಂದರೆ ಎರಡು. ರಾತ್ರಿ ಮೈನಸ್ 8ಕ್ಕೆ ಇಳಿದರೆ ಟ್ಯಾಂಕಿನ ಕೆಳಗಿನ ಬಾಲ್ ವಾಲ್ವ್ ಹತ್ತಿರ ನೀರು ಹೆಪ್ಪು ಕಟ್ಟಿಕೊಳ್ಳುತ್ತದೆ. ಮತ್ತೆ ಹಿಮ ಕರಗಿದ ದಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಟ್ರಿಪ್ ಆಗುತ್ತದೆ, ಒಣಗಿದ ಮೇಲೆ ನಿಲ್ಲುತ್ತದೆ. ಕೇಬಲ್ ಮುಟ್ಟಿದರೆ ಬರೀ ಉಗುರುಬೆಚ್ಚಗೆ ಅನ್ನಿಸುತ್ತದೆ. ಕೇಬಲ್ಲೇ ಹಾಳಾಗಿದೆಯಾ?

ಉತ್ತರ 1

ಕೇಬಲ್ ಹಾಳಾಗಿದೆ ಅಂತ ಈಗಲೇ ಹೇಳಬೇಡಿ. ಉಗುರುಬೆಚ್ಚಗಿರುವುದೇ ಇದರ ಗುಣ. ಎರಡು ತಂತಿಗಳ ನಡುವೆ ಇಂಗಾಲ ಬೆರೆಸಿದ ಪ್ಲಾಸ್ಟಿಕ್ ಇರುತ್ತದೆ. ತಣ್ಣಗಾದಾಗ ಅದು ಕುಗ್ಗಿ ಕರೆಂಟ್ ಜಾಸ್ತಿ ಹರಿಯುತ್ತದೆ, ಬಿಸಿಯಾದಾಗ ಹಿಗ್ಗಿ ಕಡಿಮೆ ಆಗುತ್ತದೆ. ಪೈಪು ಬಿಸಿಯಾಗಬೇಕಿಲ್ಲ, ಸೊನ್ನೆಗಿಂತ ಮೇಲಿದ್ದರೆ ಸಾಕು.

ನಾಲ್ಕು ವಿಷಯ ಹೇಳಿ. ಥರ್ಮೋಸ್ಟಾಟಿನ ಸೆನ್ಸರ್ ಎಲ್ಲಿದೆ? ವಾಲ್ವ್ ಮೇಲೆ ಹೊದಿಕೆ ಇದೆಯಾ? ಕೇಬಲ್ಲಿನ ಕೊನೆಯನ್ನು ಹೇಗೆ ಮುಚ್ಚಿದ್ದೀರಿ? ಬೆಳಗಿನ ಜಾವ ಕ್ಲ್ಯಾಂಪ್ ಮೀಟರ್ ಹಾಕಿದರೆ ಎಷ್ಟು ಆಂಪಿಯರ್ ತೋರಿಸುತ್ತದೆ? ಮೀಟರಿಗೆ 15 ವ್ಯಾಟ್ ಅಂದರೆ 16 ಮೀಟರಿಗೆ 240 ವ್ಯಾಟ್. 230 ವೋಲ್ಟಿನಲ್ಲಿ 1 ಆಂಪಿಯರ್ ಆಸುಪಾಸು ಬರಬೇಕು.

ಉತ್ತರ 2

ನನಗೂ ಹೀಗೇ ಆಗುತ್ತಿತ್ತು. ಆರ್‌ಸಿಸಿಬಿ ತೆಗೆದು ಬರೀ ಎಂಸಿಬಿ (ಕರೆಂಟ್ ಮಿತಿಮೀರಿ ಹರಿದರೆ ಆಫ್ ಆಗುವ ಸ್ವಿಚ್) ಹಾಕಿಬಿಡಿ, ಟ್ರಿಪ್ ಆಗಲ್ಲ.

ಉತ್ತರ 1 ಬರೆದವರು

ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮಲ್ಲೂ ತೆಗೆದಿದ್ದರೆ ಇವತ್ತೇ ವಾಪಸ್ ಹಾಕಿ. ಒದ್ದೆ ಜಾಗದಲ್ಲಿ ಸೋರುವ ಕರೆಂಟ್ ಎಂಸಿಬಿಗೆ ಗೊತ್ತೇ ಆಗುವುದಿಲ್ಲ. ಕೇಬಲ್ ಫೋಮಿನ ಒಳಗೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಕಿಡಿ ಹಾರಿಸುತ್ತಾ ಸುಡುತ್ತಿರುತ್ತದೆ. ಬೆಂಕಿ ಹತ್ತುವುದು ಹೀಗೆ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಮತ್ತು ಕೇಬಲ್ಲಿನ ಸುತ್ತ ಹೆಣೆದಿರುವ ಲೋಹದ ಜಾಳಿಗೆಗೆ ಅರ್ಥಿಂಗ್, ಎರಡೂ ಬೇಕೇ ಬೇಕು.

ಪ್ರಶ್ನೆ ಕೇಳಿದವರು

ಇವತ್ತು ಬೆಳಗ್ಗೆ 5 ಗಂಟೆಗೆ ಎದ್ದು ನೋಡಿದೆ. ಹೊರಗೆ ಮೈನಸ್ 6. ಮೀಟರ್ ಸೊನ್ನೆ ತೋರಿಸಿತು! ಸೆನ್ಸರನ್ನು ಕೇಬಲ್ ಪಕ್ಕದಲ್ಲೇ ಒಂದೇ ಟೇಪಿನಲ್ಲಿ ಸುತ್ತಿದ್ದೆ. ಅದನ್ನು ಬಿಡಿಸಿ ಗಾಳಿಗೆ ಹಿಡಿದೆ. ಸ್ವಲ್ಪ ಹೊತ್ತಿಗೆ ಟಕ್ ಅಂತ ರಿಲೇ ಸದ್ದಾಗಿ 1.1 ಆಂಪಿಯರ್ ಬಂತು.

ವಾಲ್ವ್ ಹಿಡಿ ಕೈಗೆ ಸಿಗಲಿ ಅಂತ ಅಲ್ಲಿ ಫೋಮ್ ಹಾಕಿಲ್ಲ. ಕೊನೆಗೆ ಬರೀ ಕಪ್ಪು ಟೇಪ್ ಸುತ್ತಿದ್ದೇನೆ.

ಉತ್ತರ 1 ಬರೆದವರು

ಹಾಗಾದರೆ ಎಲ್ಲ ಗೊತ್ತಾಯಿತು. ಸೆನ್ಸರ್ ಅಳೆಯುತ್ತಿದ್ದದ್ದು ಪೈಪನ್ನಲ್ಲ, ಕೇಬಲ್ಲನ್ನು. ಕೇಬಲ್ ಬೆಚ್ಚಗಾದ ತಕ್ಷಣ ಅದೇ ಆಫ್ ಮಾಡಿಬಿಡುತ್ತಿತ್ತು. ಕೇಬಲ್ ಪೈಪಿನ ಕೆಳಭಾಗದಲ್ಲಿ, ಗಡಿಯಾರದ 4 ಅಥವಾ 8ರ ಜಾಗದಲ್ಲಿ ಇರಲಿ. ಸೆನ್ಸರ್ ಅದರ ಎದುರು ಬದಿಗೆ, ಅತಿ ಹೆಚ್ಚು ತಣ್ಣಗಾಗುವ ಕಡೆ ಇರಲಿ. ನಿಮ್ಮಲ್ಲಿ ಅದು ವಾಲ್ವ್ ಹತ್ತಿರದ ಪೈಪು.

ವಾಲ್ವ್ ಅಂದರೆ ಗಟ್ಟಿ ಲೋಹ, ಅದೂ ಬರಿಮೈಯಲ್ಲಿ. ಪೈಪಿನ ಶಾಖವನ್ನೆಲ್ಲ ಎಳೆದು ಗಾಳಿಗೆ ಬಿಡುತ್ತದೆ. ಹೊದಿಕೆ ಇಲ್ಲದಿದ್ದರೆ ಎಂಥ ಕೇಬಲ್ಲೂ ಸೋಲುತ್ತದೆ, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಸುರುಳಿ ಮಾಡಿದ ಆ 2 ಮೀಟರಿನಿಂದ ಒಂದೆರಡು ಅಡಿ ತೆಗೆದು ವಾಲ್ವ್ ಸುತ್ತ ಸಡಿಲವಾಗಿ ಸುತ್ತಿ. ಮುಂದೆ ವಾಲ್ವ್ ಬದಲಿಸಬೇಕಾದರೆ ಕೇಬಲ್ ಕತ್ತರಿಸುವಂತಿರಬಾರದು. ಮೇಲೆ ಫೋಮ್, ಹಿಡಿ ಮಾತ್ರ ಹೊರಗೆ. ಈಗಿರುವ ಫೋಮನ್ನು ಒಮ್ಮೆ ಹಿಂಡಿ ನೋಡಿ. ನೀರು ಒಸರಿದರೆ ಬದಲಿಸಿ, ಒದ್ದೆ ಫೋಮ್ ಶಾಖ ತಡೆಯುವುದಿಲ್ಲ.

ಇನ್ನು ಟ್ರಿಪ್. ಕಪ್ಪು ಟೇಪ್ ನೀರು ತಡೆಯಲ್ಲ. ಮೇನ್ ಆಫ್ ಮಾಡಿ, ಕೊನೆಯಿಂದ ಒಂದಷ್ಟು ಕತ್ತರಿಸಿ. ತಾಮ್ರ ಹೊಳೆಯುವ ತನಕ ಹಿಂದೆ ಬನ್ನಿ. ಸೆಲ್ಫ್ ರೆಗ್ಯುಲೇಟಿಂಗ್ ಆದ್ದರಿಂದ ಕತ್ತರಿಸಬಹುದು, ಕಾನ್‌ಸ್ಟಂಟ್ ವ್ಯಾಟೇಜ್ (ಯಾವಾಗಲೂ ಒಂದೇ ವ್ಯಾಟ್ ಕೊಡುವ) ಕೇಬಲ್ ಆಗಿದ್ದರೆ ಹೀಗೆ ಬೇಕಾದ ಕಡೆ ಕತ್ತರಿಸುವಂತಿಲ್ಲ. ಎರಡು ತಂತಿಗಳು ಒಂದಕ್ಕೊಂದು ತಾಗದಂತೆ ಒಂದನ್ನು ಗಿಡ್ಡ ಮಾಡಿ. ಸರ್ಕ್ಯೂಟ್ ಪೂರ್ತಿಯಾಗಲಿ ಅಂತ ಕೆಲವರು ಎರಡನ್ನೂ ಸೇರಿಸಿ ತಿರುಚುತ್ತಾರೆ, ಅದು ನೇರ ಶಾರ್ಟ್. ಆಮೇಲೆ ಕೇಬಲ್ ತಯಾರಕರದೇ ಎಂಡ್ ಸೀಲ್ ಹಾಕಿ. ಕರೆಂಟ್ ಕೊಡುವ ಮೊದಲು ಎಲೆಕ್ಟ್ರಿಷಿಯನ್ ಕೈಯಲ್ಲಿ ಮೆಗ್ಗರ್ ಟೆಸ್ಟ್ (ಕರೆಂಟ್ ಸೋರುತ್ತದೆಯಾ ಅಂತ ನೋಡುವ ಪರೀಕ್ಷೆ) ಮಾಡಿಸಿ. ತಂತಿಗಳಿಗೂ ಜಾಳಿಗೆಗೂ ನಡುವೆ 20 ಮೆಗಾಓಮಿಗಿಂತ ಜಾಸ್ತಿ ಇರಬೇಕು.

ಅಲ್ಲಿಯವರೆಗೆ ನೀರು ಹೆಪ್ಪುಗಟ್ಟಿದರೆ ಮೊದಲು ನಲ್ಲಿ ತೆರೆದಿಡಿ. ನೀರು ಐಸ್ ಆದಾಗ ಸುಮಾರು 9% ಹಿಗ್ಗುತ್ತದೆ. ಐಸಿಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರಿನ ಒತ್ತಡಕ್ಕೇ ಪೈಪು ಒಡೆಯುವುದು. ನಲ್ಲಿ ಕಡೆಯಿಂದ ಶುರುಮಾಡಿ ಬಿಸಿನೀರಿನ ಬಟ್ಟೆ ಸುತ್ತುತ್ತಾ ಬನ್ನಿ. ಬೆಂಕಿ ಮಾತ್ರ ಹಿಡಿಯಬೇಡಿ.

ಪ್ರಶ್ನೆ ಕೇಳಿದವರು

ಟೇಪ್ ಬಿಚ್ಚಿದರೆ ಒಳಗೆ ಒಂದು ಹನಿ ನೀರು, ತಾಮ್ರ ಹಸಿರಾಗಿತ್ತು. ಒಂದು ಗೇಣು ಕತ್ತರಿಸಿದ ಮೇಲೆ ಹೊಳೆಯುವ ತಂತಿ ಸಿಕ್ಕಿತು. ಮೆಗ್ಗರಿನಲ್ಲಿ ಮೊದಲು ಹೆಚ್ಚುಕಡಿಮೆ ಸೊನ್ನೆ ಇತ್ತು, ಸೀಲ್ ಹಾಕಿದ ಮೇಲೆ 200 ಮೆಗಾಓಮ್ ದಾಟಿತು. ನಿನ್ನೆ ರಾತ್ರಿ ಮೈನಸ್ 9, ಬೆಳಗ್ಗೆ ನಲ್ಲಿ ತಿರುಗಿಸಿದ ಕೂಡಲೇ ನೀರು ಬಂತು. ತುಂಬಾ ಥ್ಯಾಂಕ್ಸ್.

ಒಂದೇ ಒಂದು ಉಳಿದಿದೆ. ಟ್ಯಾಂಕಿನ ನೀರಿನ ಮೇಲೆ ತೆಳ್ಳಗೆ ಐಸ್ ಕಟ್ಟಿ ಫ್ಲೋಟ್ ವಾಲ್ವ್ (ಟ್ಯಾಂಕ್ ತುಂಬಿದಾಗ ನೀರು ನಿಲ್ಲಿಸುವ ತೇಲುವ ವಾಲ್ವ್) ಅಂಟಿಕೊಳ್ಳುತ್ತದೆ. ಕೇಬಲ್ ಮೇಲ್ಗಡೆ ಸುತ್ತಲಾ?

ಉತ್ತರ 1 ಬರೆದವರು

ಬೇಡ, ಕೆಳಗಿನ ಮೂರನೇ ಒಂದು ಭಾಗಕ್ಕೆ ಸುತ್ತಿ. ನೀರು 4 ಡಿಗ್ರಿಯಲ್ಲಿ ಅತಿ ಭಾರ. ಅದಕ್ಕಿಂತ ತಣ್ಣಗಾದದ್ದು ಹಗುರವಾಗಿ ಮೇಲೆ ಬರುತ್ತದೆ, ಅದಕ್ಕೇ ಮೇಲ್ಗಡೆ ಮೊದಲು ಐಸ್. ಆದರೂ ಕೇಬಲ್ ಕೆಳಗೇ ಇರಲಿ, ನೀರಿನ ಮಟ್ಟ ಇಳಿದರೂ ಕೆಳಗಿನ ಕೇಬಲ್ಲಿಗೆ ಪಕ್ಕದಲ್ಲಿ ನೀರು ಇದ್ದೇ ಇರುತ್ತದೆ. ಟ್ಯಾಂಕ್ ಪ್ಲಾಸ್ಟಿಕ್ ಆದ್ದರಿಂದ ಕಡಿಮೆ ವ್ಯಾಟಿನದನ್ನೇ ತೆಗೆದುಕೊಳ್ಳಿ. ಉದ್ದಕ್ಕೂ ಅಲ್ಯೂಮಿನಿಯಂ ಟೇಪ್ ಅಂಟಿಸಿದರೆ ಶಾಖ ಹರಡುತ್ತದೆ. ಮುಚ್ಚಳಕ್ಕೂ ದಪ್ಪ ಹೊದಿಕೆ ಹಾಕಿ. ಟ್ಯಾಂಕಿಗೆ ನೀರು ತುಂಬುವ ಪೈಪಿನ ಮೇಲೆ ಏನಾದರೂ ಹಾಕಿದ್ದೀರಾ? ಅದರ ಫೋಟೋ ಇದ್ದರೆ ಹಾಕಿ, ನೋಡೋಣ.