ಪ್ರಶ್ನೋತ್ತರ: ಎರಡು ಸಾವಿರದೊಳಗೆ ಪ್ರೊಸೆಸರ್‌ಗೆ ಯಾವ ಕೂಲರ್ ಹಾಕಿಸಲಿ?

ಅಡ್ಮಿನ್: ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಅಣ್ಣ ಇವತ್ತು ರಾತ್ರಿ ಎಂಟರಿಂದ ಉತ್ತರ ಕೊಡುತ್ತಾರೆ. ಹೆಸರಿನ ಬದಲು ಏರಿಯಾ ಹಾಕಿ. ಪ್ರೊಸೆಸರ್ ಮಾಡೆಲ್ ಬರೆದು ಕೇಳಿ.

ವಿಜಯನಗರ: ನಮಸ್ತೆ ಸರ್. ಇಂಟೆಲ್ ಐ5 12400, ಡಬ್ಬದಲ್ಲಿ ಬಂದ ಫ್ಯಾನೇ ಇದೆ. ಮದುವೆ ವಿಡಿಯೋ ಎಡಿಟ್ ಮಾಡುತ್ತೇನೆ. ರೆಂಡರ್‌ಗೆ (ಅಂತಿಮ ವಿಡಿಯೋ ತಯಾರಿಗೆ) ಹಾಕಿದರೆ ಪ್ರೊಸೆಸರ್ 98, 100 ಡಿಗ್ರಿ. ಸದ್ದಿಗೆ ಪಕ್ಕದ ರೂಮಿನಲ್ಲಿ ಮಗು ಎದ್ದು ಕೂರುತ್ತದೆ. ಬಜೆಟ್ 2000.

ರಿಪೇರಿ ಅಣ್ಣ: ದುಡ್ಡು ಕೊಡುವ ಮುಂಚೆ ಆ ಫ್ಯಾನಿನ ನಾಲ್ಕು ಪ್ಲಾಸ್ಟಿಕ್ ಪಿನ್ ನೋಡಿ. ಒಂದು ಎದ್ದಿದ್ದರೂ ಇದೇ 100 ಬರುತ್ತದೆ. ನಾಲ್ಕೂ ಸರಿ ಇದ್ದರೆ, ಟರ್ಬೋದಲ್ಲಿ, ಅಂದರೆ ವೇಗ ಏರಿಸಿಕೊಂಡಾಗ, 117 ವ್ಯಾಟ್ ತನಕ ಎಳೆಯುವ ಪ್ರೊಸೆಸರ್‌ಗೆ ಆ ಸಣ್ಣ ಫ್ಯಾನ್ ಸಾಲುತ್ತಿಲ್ಲ ಅಂತ. 100 ಮುಟ್ಟಿದಾಗ ಅದು ತಾನೇ ವೇಗ ಇಳಿಸಿಕೊಳ್ಳುತ್ತದೆ, ರೆಂಡರ್ ತಡವಾಗುತ್ತದೆ. ನಾಲ್ಕು ಹೀಟ್‌ಪೈಪ್ (ಬಿಸಿ ಸಾಗಿಸುವ ಕೊಳವೆ), ಒಂದು 120 ಎಂಎಂ ಫ್ಯಾನ್ ಇರುವ ಟವರ್ ಕೂಲರ್ ಸಾಕು. ಡೀಪ್‌ಕೂಲ್ ಎಜಿ400 ಥರದ್ದು. ಅದರ ಎತ್ತರ 150 ಎಂಎಂ. ನಿಮ್ಮ ಕ್ಯಾಬಿನೆಟ್ ಎಷ್ಟು ಎತ್ತರದ ಕೂಲರ್ ಹಿಡಿಸುತ್ತದೆ ಅಂತ ಕಂಪನಿಯ ಸೈಟಲ್ಲಿ ನೋಡಿಕೊಳ್ಳಿ. ತಂದ ಮೇಲೆ ಸೈಡ್ ಬಾಗಿಲು ಮುಚ್ಚದೆ ವಾಪಸ್ ಬಂದವರು ನನ್ನ ಅಂಗಡಿಯಲ್ಲಿ ಬಹಳ ಜನ.

ವೈಟ್‌ಫೀಲ್ಡ್: ಈಗಿನ ಕಾಲದಲ್ಲಿ ಏರ್ ಕೂಲರ್ ಯಾರು ಹಾಕಿಸುತ್ತಾರೆ? ದ್ರವ ಹರಿಸಿ ತಂಪು ಮಾಡುವ ಲಿಕ್ವಿಡ್ ಕೂಲರ್ ಹಾಕಿಸಿ, ತಲೆನೋವೇ ಇಲ್ಲ.

ವಿಜಯನಗರ: ಬಜೆಟ್ 2000 ಅಂತ ಬರೆದಿದ್ದೇನಲ್ಲ ಸರ್.

ಬನಶಂಕರಿ: ಟವರ್ ಕೂಲರ್‌ನಲ್ಲಿ ಕೆಡೋದು ಫ್ಯಾನ್ ಒಂದೇ, ಬೇರೆ ಫ್ಯಾನ್ ಸಿಕ್ಕಿಸಿದರೆ ಆಯ್ತು. ಲಿಕ್ವಿಡ್‌ನಲ್ಲಿ ಪಂಪ್ ಹೋದರೆ ಪೂರ್ತಿ ಬದಲಾಯಿಸಬೇಕು. ಟರ್ಬೋ ಬಿಟ್ಟರೆ 65 ವ್ಯಾಟಿನ ಪ್ರೊಸೆಸರ್‌ಗೆ ಯಾಕೆ ಸುಮ್ನೆ ಅಷ್ಟು ಖರ್ಚು?

ವೈಟ್‌ಫೀಲ್ಡ್: ನನ್ನದು ನಾಲ್ಕು ವರ್ಷದಿಂದ ಓಡುತ್ತಿದೆ. ಬಳಸದೇ ಇರುವವರು ಮಾತಾಡಬಾರದು.

ಜೆ.ಪಿ. ನಗರ: ಯಾವ ಕೂಲರ್ ಒಳ್ಳೇದು ಸರ್?

ರಿಪೇರಿ ಅಣ್ಣ: ಯಾವ ಪ್ರೊಸೆಸರ್?

ಮಲ್ಲೇಶ್ವರ: ಎಲ್ಲರಿಗೂ ಉಪಯೋಗ ಆಗಲಿ ಅಂತ ಒಂದು ವಿಡಿಯೋ ಹಾಕಿದ್ದೇನೆ. ಪ್ರೊಸೆಸರ್ ಮತ್ತು ಕೂಲರ್ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಬದಲು ಬಿಳಿ ಟೂತ್‌ಪೇಸ್ಟ್ ಸವರಿದರೆ 15 ಡಿಗ್ರಿ ಇಳಿಯುತ್ತದೆ. ಹತ್ತು ರೂಪಾಯಿ ಖರ್ಚು.

ರಿಪೇರಿ ಅಣ್ಣ: ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಟೂತ್‌ಪೇಸ್ಟಿನಲ್ಲಿ ನೀರಿನಂಶ ಇದೆ, ಹಸಿ ಇರೋವರೆಗೆ ಬಿಸಿ ದಾಟಿಸುತ್ತದೆ. ಆಮೇಲೆ ಒಣಗಿ ಸುಣ್ಣದ ಹಾಗೆ ಬಿರುಕು ಬಿಡುತ್ತದೆ. ವಿಡಿಯೋದವರು ಮೊದಲ ದಿನ ಮಾತ್ರ ತೋರಿಸುತ್ತಾರೆ, ಆಮೇಲಿನದು ನನ್ನ ಮೇಜಿಗೆ ಬರುತ್ತದೆ.

ಯಲಹಂಕ: ಬೆಂಗಳೂರು ತಂಪು ಊರು. ಇಲ್ಲಿ ಡಬ್ಬದ ಫ್ಯಾನೇ ಸಾಕು ಅಲ್ವಾ?

ಪೀಣ್ಯ: ಏಪ್ರಿಲ್‌ನಲ್ಲಿ ನಮ್ಮ ಶೀಟ್ ಮನೆಗೆ ಬನ್ನಿ, ಆಮೇಲೆ ಹೇಳಿ. 2016ರ ಏಪ್ರಿಲ್‌ನಲ್ಲಿ ಇದೇ ಊರಲ್ಲಿ 39.2 ಡಿಗ್ರಿ ಆಗಿತ್ತು.

ಯಲಹಂಕ: ನಾನು ಅಣ್ಣನ್ನ ಕೇಳಿದ್ದು.

ರಿಪೇರಿ ಅಣ್ಣ: ಪೀಣ್ಯದವರು ಹೇಳಿದ್ದು ಸರಿ. ರೂಮು ಐದು ಡಿಗ್ರಿ ಏರಿದರೆ ಪ್ರೊಸೆಸರೂ ಹೆಚ್ಚುಕಮ್ಮಿ ಅಷ್ಟೇ ಏರುತ್ತದೆ.

ಕೋರಮಂಗಲ: ರೈಜನ್ 5 7600ಎಕ್ಸ್. ಒಳ್ಳೆ ಟವರ್ ಹಾಕಿದರೂ ಫುಲ್ ಲೋಡ್‌ನಲ್ಲಿ 95. ಕೂಲರ್ ಬದಲಿಸಲಾ?

ರಿಪೇರಿ ಅಣ್ಣ: ಬೇಡ. ಅದು 95ರ ತನಕ ಹೋಗುವ ಹಾಗೇ ಮಾಡಿರುವ ಚಿಪ್. ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್) ಇಕೋ ಮೋಡ್, ಅಂದರೆ ಕರೆಂಟ್ ಎಳೆಯುವ ಮಿತಿ, 65 ವ್ಯಾಟ್‌ಗೆ ಇಡಿ. ಬಿಸಿ ಜಾಸ್ತಿ ಇಳಿಯುತ್ತದೆ, ವೇಗ ಸ್ವಲ್ಪವೇ ಇಳಿಯುತ್ತದೆ. ಖರ್ಚಿಲ್ಲ.

ಹೆಬ್ಬಾಳ: ಲ್ಯಾಪ್‌ಟಾಪಿಗೆ ಕೂಲಿಂಗ್ ಪ್ಯಾಡ್ ಯಾವುದು ತಗೊಳ್ಳಲಿ?

ರಾಜಾಜಿನಗರ: ಅಣ್ಣ, ಅರ್ಜೆಂಟ್. ರೈಜನ್ 5 5600. ಹೊಸ ಟವರ್ ಕೂಲರ್ ತಂದೆ. ಹಳೇ ಫ್ಯಾನಿನ ನಾಲ್ಕೂ ಸ್ಕ್ರೂ ಬಿಚ್ಚಿದ್ದೇನೆ, ಆದರೆ ಅದರ ಕೆಳಗಿನ ಲೋಹದ ಹೀಟ್‌ಸಿಂಕ್ ಅಂಟಿಕೊಂಡಿದೆ, ಮೇಲಕ್ಕೆ ಬರುತ್ತಿಲ್ಲ. ಮೂರು ವರ್ಷದ ಪೇಸ್ಟ್. ಅಪ್ಪನ ಅಂಗಡಿ ಲೆಕ್ಕ ಎಲ್ಲ ಇದರಲ್ಲೇ ಇದೆ. ಜೋರಾಗಿ ಎಳೆಯಲಾ?

ವೈಟ್‌ಫೀಲ್ಡ್: ಸ್ಕ್ರೂ ಡ್ರೈವರ್ ಕೆಳಗೆ ತೂರಿಸಿ ಮೀಟಿ, ಬರುತ್ತದೆ.

ರಿಪೇರಿ ಅಣ್ಣ: ರಾಜಾಜಿನಗರ, ಕೈ ತೆಗೆಯಿರಿ. ಎಳೆಯಬೇಡಿ, ಮೀಟಬೇಡಿ. ಪೂರ್ತಿ ಓದಿ, ಆಮೇಲೆ ಮುಟ್ಟಿ. ನಿಮ್ಮ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ ಎಎಂ4 ಸಾಕೆಟ್. ಪಿನ್‌ಗಳು ಪ್ರೊಸೆಸರ್ ಹೊಟ್ಟೆಯ ಕೆಳಗಿವೆ, 1331 ಪಿನ್, ಒಂದೊಂದೂ ಗುಂಡುಸೂಜಿಗಿಂತ ಸಣ್ಣ. ಸಾಕೆಟ್ಟಿನ ಲಿವರ್ ಲಾಕ್ ಆಗಿದ್ದರೂ, ಪೇಸ್ಟ್ ಒಣಗಿ ಗೋಂದಿನ ಹಾಗೆ ಹಿಡಿದಿದ್ದರೆ, ನೇರ ಎಳೆದಾಗ ಪ್ರೊಸೆಸರ್ ಕಿತ್ತುಕೊಂಡು ಜೊತೆಗೇ ಬರುತ್ತದೆ. ಹೋದ ತಿಂಗಳು ಒಬ್ಬ ಹುಡುಗ ಹೀಗೇ ಎಳೆದು ತಂದಿದ್ದ. ಬಾಗಿದ ಪಿನ್ನುಗಳನ್ನು ಲೆಡ್ ತೆಗೆದ ಪೆನ್ಸಿಲ್ ಮೂತಿಯಲ್ಲಿ ಒಂದೊಂದಾಗಿ ನೆಟ್ಟಗೆ ಮಾಡಿದೆ. ಎರಡು ಮುರಿದೇ ಹೋಗಿತ್ತು, ಅದಕ್ಕೆ ನನ್ನ ಕೈಯಲ್ಲಿ ಏನೂ ಆಗಲಿಲ್ಲ.

ಈಗ ಹೇಳಿ, ಅಲ್ಲಾಡಿಸಿದಾಗ ಕೆಳಗೆ ಪ್ರೊಸೆಸರ್ ಕದಲಿತಾ? ಕದಲಿದ ಅನುಮಾನ ಇದ್ದರೂ ಕರೆಂಟ್ ಕೊಡಬೇಡಿ. ಹೇರ್ ಡ್ರೈಯರ್‌ನಲ್ಲಿ ಹೀಟ್‌ಸಿಂಕಿಗೆ ಮಾತ್ರ ಕೆಲವು ನಿಮಿಷ ಬಿಸಿ ಕೊಡಿ. ಕದಲಿಲ್ಲ ಅಂತ ಖಾತ್ರಿ ಇದ್ದರೆ ಸ್ಕ್ರೂ ವಾಪಸ್ ಹಾಕಿ, ಫ್ಯಾನ್ ವೈರ್ ಸಿಕ್ಕಿಸಿ, ಆನ್ ಮಾಡಿ ಹತ್ತು ಹದಿನೈದು ನಿಮಿಷ ಭಾರಿ ಕೆಲಸ ಕೊಡಿ. ಪೇಸ್ಟ್ ಮೆತ್ತಗಾಗುತ್ತದೆ. ಆಫ್ ಮಾಡಿ, ಪ್ಲಗ್ ಕಿತ್ತು, ಬಿಸಿ ಇರುವಾಗಲೇ ಸ್ಕ್ರೂ ಬಿಚ್ಚಿ, ಉಪ್ಪಿನಕಾಯಿ ಜಾಡಿಯ ಮುಚ್ಚಳ ತಿರುಗಿಸಿದ ಹಾಗೆ ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ತಿರುಗಿಸಿ. ಜಾರೋಕೆ ಶುರುವಾದ ಮೇಲಷ್ಟೇ ಎತ್ತಿ.

ರಾಜಾಜಿನಗರ: ಕದಲಿಲ್ಲ ಅಣ್ಣ. ಸ್ಕ್ರೂ ವಾಪಸ್ ಹಾಕುತ್ತಿದ್ದೇನೆ.

ಬನಶಂಕರಿ: ವೈಟ್‌ಫೀಲ್ಡ್‌ನವರೇ, ಗೊತ್ತಿಲ್ಲದಿದ್ದರೆ ಸುಮ್ಮನಿರಿ. ರಾಜಾಜಿನಗರದವರ ಬೋರ್ಡ್ ಗೀರು ಬಿದ್ದಿದ್ದರೆ ನೀವು ಕಟ್ಟಿಕೊಡುತ್ತಿದ್ದಿರಾ?

ವೈಟ್‌ಫೀಲ್ಡ್: ನನ್ನದು ಇಂಟೆಲ್, ಅದರಲ್ಲಿ ಹೀಗೆ ಆಗಲ್ಲ. ನೀವು ಆಗಿನಿಂದ ನನ್ನ ಹಿಂದೇ ಬಿದ್ದಿದ್ದೀರಿ.

ಬನಶಂಕರಿ: ಅವರು ರೈಜನ್ ಅಂತ ಬರೆದಿದ್ದಾರೆ. ಓದೋಕೆ ಏನು ಕಷ್ಟ?

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಮಲ್ಲೇಶ್ವರ: ಇನ್ನೊಂದು ಮೆಸೇಜ್ ಬಂದಿದೆ. ಹೀಟ್‌ಸಿಂಕ್ ಮೇಲೆ ಒದ್ದೆ ಬಟ್ಟೆ…

ರಿಪೇರಿ ಅಣ್ಣ: ಕರೆಂಟ್ ಇರುವ ಬೋರ್ಡಿನ ಮೇಲೆ ನೀರು ಹಾಕಿಸಬೇಡಿ ಸ್ವಾಮಿ. ಫಾರ್ವರ್ಡ್ ನಿಲ್ಲಿಸಿ. ಓದಿದವರಲ್ಲಿ ಒಬ್ಬರು ಮಾಡಿಬಿಟ್ಟರೆ ಹೊಣೆ ಯಾರದು?

ಜೆ.ಪಿ. ನಗರ: ಹಳೇ ಐ5 10400ರ ಕೂಲರ್ ನನ್ನ ಹತ್ರ ಇದೆ, 12400ಗೆ ಕೂರುತ್ತಾ?

ರಿಪೇರಿ ಅಣ್ಣ: ನೇರವಾಗಿ ಕೂರಲ್ಲ. ಹಳೇ ಬೋರ್ಡಿನಲ್ಲಿ ಕೂಲರ್ ಕೂರಿಸುವ ತೂತಿನ ಅಂತರ 75 ಎಂಎಂ, ಹೊಸದರದ್ದು 78. 12400ರ ಸಾಕೆಟ್ ಎಲ್‌ಜಿಎ1700, ಅದಕ್ಕೆ ಹೊಂದುವ ಬ್ರಾಕೆಟ್ ಸಿಕ್ಕರೆ ಹಾಕಬಹುದು.

ಬಸವೇಶ್ವರನಗರ: 12400ಗೆ ಯಾವ ಕೂಲರ್?

ರಿಪೇರಿ ಅಣ್ಣ: ಮೇಲೆ ಬರೆದಿದ್ದೇನೆ.

ನಾಗರಬಾವಿ: ಸರ್, 12400, 2000 ರೂಪಾಯಿ ಒಳಗೆ?

ರಿಪೇರಿ ಅಣ್ಣ: ಮೇಲೆ ಓದಿ.

ನಾಗರಬಾವಿ: ಒಂದು ಹೆಸರು ಹೇಳೋಕೆ ಇಷ್ಟು ಜಂಬ ಯಾಕೆ?

ರಾಜಾಜಿನಗರ: ಅಣ್ಣ, ಬಂತು! ಹದಿನೈದು ನಿಮಿಷ ಬಿಟ್ಟು ತಿರುಗಿಸಿದೆ. ಮೊದಲು ಅಲ್ಲಾಡಲಿಲ್ಲ, ಆಮೇಲೆ ಬೆಣ್ಣೆ ಥರ ಜಾರಿತು. ಪ್ರೊಸೆಸರ್ ಸಾಕೆಟ್ಟಲ್ಲೇ ಇದೆ.

ರಿಪೇರಿ ಅಣ್ಣ: ಒಳ್ಳೇದಾಯ್ತು, ನನಗೂ ಉಸಿರು ಬಂತು. ಹಳೇ ಪೇಸ್ಟನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಹೊಸದನ್ನು ಬಟಾಣಿಯಷ್ಟು ನಡುವೆ ಇಡಿ. ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ಮರೆಯದೆ ಕೀಳಿ. ಸ್ಕ್ರೂ ಒಂದನ್ನೇ ಪೂರ್ತಿ ಬಿಗಿಸಬೇಡಿ, ಎದುರು ಬದುರು ಸ್ವಲ್ಪ ಸ್ವಲ್ಪವೇ ಬಿಗಿಸುತ್ತಾ ಬನ್ನಿ. ಫ್ಯಾನಿನ ಗಾಳಿ ಕ್ಯಾಬಿನೆಟ್ಟಿನ ಹಿಂದಕ್ಕೆ ಹೋಗಬೇಕು.

ಹೆಬ್ಬಾಳ: ಸರ್, ಲ್ಯಾಪ್‌ಟಾಪ್ ಪ್ಯಾಡ್?

ರಾಜಾಜಿನಗರ: ಹಾಕಿದೆ. ಬಯಾಸ್‌ನಲ್ಲಿ 41 ಡಿಗ್ರಿ. ಅಪ್ಪನ ಲೆಕ್ಕದ ಫೈಲೂ ತೆರೆಯಿತು.

ರಿಪೇರಿ ಅಣ್ಣ: ಸರಿ. ಈಗಲೇ ಅದರದ್ದೊಂದು ಕಾಪಿ ಪೆನ್‌ಡ್ರೈವ್‌ಗೆ ಹಾಕಿಡಿ. ನಾನು ಅಂಗಡಿ ಬಾಗಿಲು ಎಳೆಯುತ್ತೇನೆ.